ಚಾರ್ವಾಕನ ನೆಂಟರಿಷ್ಟರು

ಗಣೇಶ ಚತುರ್ಥಿಯ ದಿನ ನಮ್ಮ ಮನೆಯಲ್ಲಿ ಪೂಜೆ ಮುಗಿಯುವ ತನಕ ಯಾರ ಬಾಯಿಗೂ ಏನೂ ಬೀಳುವಂತಿಲ್ಲ. ಚಹಾಕ್ಕೆ ಮಾತ್ರ ವಿನಾಯಿತಿ ಉಂಟು. ಅದನ್ನು ಆಹಾರವೆಂದು ಅವ್ವ ಎಂದೂ ಎಣಿಸಿದವಳಲ್ಲ. ಕಳೆದ ಹಬ್ಬಕ್ಕೆ ಅಕ್ಕನ ಸಂಸಾರ ಬೆಂಗಳೂರಿನಿಂದ ಧಾರವಾಡಕ್ಕೆ ಬಂದಿತ್ತು. ಅಕ್ಕನ ಮಗ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ಮಿತಭಾಷಿ, ಹಿರಿಯರೆದುರು ತಲೆ ಎತ್ತಿ ಮಾತನಾಡುವ ಹುಡುಗನಲ್ಲ. ಅಂತಹವನು ಆ ದಿನ ತುಂಬಿದ ಮನೆಯಲ್ಲಿ ಒಂದು ಬಾಂಬನ್ನು ಸಿಡಿಸಿದ.

ಪೂಜೆ ನಡೆದಿತ್ತು. ಅವ್ವ ಆರತಿಯ ತಟ್ಟೆಯನ್ನು ಮೊಮ್ಮಗನತ್ತ ಚಾಚಿದಳು.

"ಬಾರೋ ತಮ್ಮಾ, ನೀ ಒಂದು ಆರತಿ ಬೆಳಗು."

ಹುಡುಗ ಎದ್ದು ನಿಂತ. ಕೈ ಮುಂದೆ ಬರಲಿಲ್ಲ. ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ:

"ಆಯಿ, ನಾ ಬೆಳಗೂದಿಲ್ಲ. ನಾ ನಾಸ್ತಿಕ."

ಕ್ಷಣಕಾಲ ಯಾರೂ ಉಸಿರೆತ್ತಲಿಲ್ಲ. ಅವ್ವನಿಗೆ ಈಚೆಗೆ ಕಿವಿ ತುಸು ಮಂದ. ಆಕೆ ಹುಬ್ಬು ಗಂಟಿಕ್ಕಿ, "ಏನು? ನಾಷ್ಟಾ? ಪೂಜಾ ಮುಗಿಯೂತನಕಾ ನಾಷ್ಟಾ ಇಲ್ಲಪಾ. ಇನ್ನೊಂದು ತಾಸು ತಡಕೋ" ಎಂದು ತಟ್ಟೆಯನ್ನು ಭಾವನ ಕೈಗೆ ಕೊಟ್ಟುಬಿಟ್ಟಳು. ಮನೆಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಗದಿದ್ದವರು ಇಬ್ಬರು: ಹುಡುಗ ಮತ್ತು ಅವನ ತಾಯಿ.

ಊಟವಾದ ಮೇಲೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ವಿಚಾರಣೆ ಪ್ರಾರಂಭಿಸಿದಳು. "ಇದೆಲ್ಲಾ ನಿನ್ನ ಸಹವಾಸ. ಸಣ್ಣಾಂವ ಇದ್ದಾಗಿಂದ ನಿನ್ನ ಬೆನ್ನ ಹತ್ತಿ ತಿರಗ್ಯಾನ. ನೀನ ಏನರೆ ಓದಾಕ ಕೊಟ್ಟಿರಬೇಕು."

ನಾನು ಕೊಟ್ಟಿರಲಿಲ್ಲ. ಆದರೆ ಅಕ್ಕನ ಅನುಮಾನಕ್ಕೆ ಆಧಾರವಿಲ್ಲದಿರಲಿಲ್ಲ. ಅದನ್ನು ಹೇಳಬೇಕಾದರೆ ನನ್ನ ಗುಟ್ಟೊಂದನ್ನು ವಾಚಕರೆದುರು ಬಿಚ್ಚಬೇಕಾಗುತ್ತದೆ.

ನಾನು ಬಿ.ಎ. ಮೊದಲ ವರ್ಷದಲ್ಲಿದ್ದಾಗ, ಕಾಲೇಜಿನ ಗ್ರಂಥಾಲಯದಲ್ಲಿ ಎ. ಎನ್. ಮೂರ್ತಿರಾಯರ 'ದೇವರು' ನನ್ನ ಕೈಗೆ ಸಿಕ್ಕಿತು. 1900ರಲ್ಲಿ ಹುಟ್ಟಿದ ಮೂರ್ತಿರಾಯರು ಆ ಗ್ರಂಥವನ್ನು ಪ್ರಕಟಿಸಿದ್ದು 1991ರಲ್ಲಿ. ತೊಂಬತ್ತು ದಾಟಿದ ವಯಸ್ಸಿನಲ್ಲಿ ಬಹುಮಂದಿ ದೇವರನ್ನು ಹೊಸದಾಗಿ ಹಿಡಿದುಕೊಳ್ಳುತ್ತಾರೆ. ಅವರು ದೇವರಿಲ್ಲವೆಂದು ಸಾವಧಾನವಾಗಿ, ನಗುಮುಖದಿಂದ, ಒಂದು ಕಟುವಚನವನ್ನೂ ಆಡದೆ ವಾದಿಸುತ್ತ ಕುಳಿತರು. ಆ ಗ್ರಂಥಕ್ಕೆ ಪಂಪ ಪ್ರಶಸ್ತಿ ಬಂತು. ನಾನು ಅದಕ್ಕೆ ಹಳೆಯ ವೃತ್ತಪತ್ರಿಕೆಯ ರಟ್ಟು ಹಾಕಿ, ಮಾಳಿಗೆಯ ಮೇಲೆ ಕುಳಿತು ಮೂರು ದಿನಗಳಲ್ಲಿ ಓದಿ ಮುಗಿಸಿದೆ. ಮುಗಿಸಿದಾಗ ನನಗೆ ಹೊಸದೇನನ್ನೋ ಕಲಿತಂತೆ ಅನ್ನಿಸಲಿಲ್ಲ. ಎಂಟು ವರ್ಷದವನಾಗಿದ್ದಾಗಿನಿಂದ ನನ್ನೊಳಗೆ ಮುಚ್ಚಿಟ್ಟಿದ್ದ ಪ್ರಶ್ನೆಯೊಂದನ್ನು ಯಾರೋ ಹಿರಿಯರು ಗಟ್ಟಿಯಾಗಿ ಕೇಳಿದಂತಾಯಿತು. ಆ ಪ್ರಶ್ನೆಯ ವಿಷಯ ಮುಂದೆ ಬರುತ್ತದೆ.

ಆದರೆ ಆ ಪುಸ್ತಕವನ್ನು ಓದಿದ ಮೇಲೆ ನಾನು ಮಾಡಿದ್ದೇನು? ಗ್ರಂಥಾಲಯಕ್ಕೆ ಮರಳಿಸಿದೆ. ಸಂಜೆ ಅವ್ವ ದೇವರ ಜಗಲಿಯ ಮುಂದೆ ದೀಪ ಹಚ್ಚಿದಾಗ ಎಂದಿನಂತೆ ಕೈಮುಗಿದೆ. ಅಂದಿನಿಂದ ಇಂದಿನವರೆಗೆ, ಸುಮಾರು ಹದಿನೆಂಟು ವರ್ಷ, ಮುಗಿಯುತ್ತಲೇ ಬಂದಿದ್ದೇನೆ. ಪುಸ್ತಕದೊಡನೆ ಒಂದು ತೊಡಕಿದೆ: ಅದು ಮಾತನಾಡುತ್ತದೆ, ಆದರೆ ನಮ್ಮ ಮಾತನ್ನು ಕೇಳುವುದಿಲ್ಲ. ನಾಳೆ ಮನೆಯಲ್ಲಿ ಹೇಗೆ ಹೇಳಲಿ, ಅವ್ವ ಅತ್ತರೆ ಏನು ಮಾಡಲಿ, ಇರುಳು ಹೆದರಿಕೆಯಾದರೆ ಯಾರನ್ನು ನೆನೆಯಲಿ ಎಂದು ಕೇಳಿದರೆ ಅದು ಉತ್ತರಿಸಲಾರದು. ನನ್ನ ನಾಸ್ತಿಕತೆ ಒಂಟಿ ಬ್ರಹ್ಮಚಾರಿಯ ಕೋಣೆಯಂತೆ ಇತ್ತು. ಒಳಗೆ ಬೇಕಾದಷ್ಟು ಪುಸ್ತಕಗಳು, ಕದ ತಟ್ಟುವವರು ಮಾತ್ರ ಯಾರೂ ಇಲ್ಲ.

ಇದು ನನ್ನೊಬ್ಬನ ಪಾಡಲ್ಲ. ನಮ್ಮ ನಾಡಿನಲ್ಲಿ ನಾಸ್ತಿಕನ ಪಾಡು ಮೊದಲಿನಿಂದಲೂ ಹೀಗೆಯೇ. ಮಹಾಭಾರತದ ಶಾಂತಿಪರ್ವದಲ್ಲಿ ಚಾರ್ವಾಕನೆಂಬುವನು ಬರುತ್ತಾನೆ. ಯುದ್ಧವನ್ನು ಗೆದ್ದು ಹಸ್ತಿನಾವತಿಗೆ ಬಂದ ಧರ್ಮರಾಯನನ್ನು ಬ್ರಾಹ್ಮಣರು ಹರಸುತ್ತಿರುವಾಗ, ನೆಂಟರಿಷ್ಟರನ್ನು ಕೊಂದ ನಿನಗೆ ಈ ರಾಜ್ಯವೇಕೆಂದು ಅವನೊಬ್ಬನೇ ಕೇಳುತ್ತಾನೆ. ಕಾವ್ಯ ಅವನನ್ನು ವೇಷ ಹಾಕಿದ ರಾಕ್ಷಸನೆಂದೂ, ದುರ್ಯೋಧನನ ಗೆಳೆಯನೆಂದೂ ಪರಿಚಯಿಸಿ, ಬ್ರಾಹ್ಮಣರ ಹೂಂಕಾರದಿಂದ ಸುಡಿಸಿಬಿಡುತ್ತದೆ. ಆ ಹೆಸರಿನ ದರ್ಶನಕ್ಕೂ ಇದೇ ಗತಿ. ಅದರ ಗ್ರಂಥಗಳು ಉಳಿಯಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ವಿಜಯನಗರದ ಮಾಧವಾಚಾರ್ಯರು 'ಸರ್ವದರ್ಶನಸಂಗ್ರಹ'ವನ್ನು ಬರೆಯುವಾಗ ಚಾರ್ವಾಕಮತಕ್ಕೆ ಮೊದಲ ಅಧ್ಯಾಯವನ್ನು ಕೊಟ್ಟರು, ಮುಂದಿನ ದರ್ಶನಗಳು ಅದನ್ನು ಮೀರಲೆಂದು. ನಾನು ಪ್ರತಿವರ್ಷ ಪಾಠ ಹೇಳುವ ಪಂಪನ ಆದಿಪುರಾಣದಲ್ಲಿಯೂ ಮಹಾಬಲನ ಆಸ್ಥಾನದಲ್ಲಿ ಭೂತವಾದಿಯಾದ ಮಂತ್ರಿಯೊಬ್ಬನಿದ್ದಾನೆ. ಅವನಿಗೂ ಮಾತನಾಡಲು ಅವಕಾಶವುಂಟು, ಸ್ವಯಂಬುದ್ಧನಿಂದ ಸೋಲುವುದಕ್ಕಾಗಿ. ಎದುರಾಳಿಗಳ ಪುಸ್ತಕಗಳಲ್ಲಿ ಬಾಡಿಗೆಗೆ ಇದ್ದು ಬದುಕಿದ ಮತ ಇದೊಂದೇ ಇರಬೇಕು. ಅದಕ್ಕೆ ಮಠವಿರಲಿಲ್ಲ, ಜಾತ್ರೆಯಿರಲಿಲ್ಲ, ಓಲೆಗರಿಯನ್ನು ನಕಲು ಮಾಡುವ ಶಿಷ್ಯರಿರಲಿಲ್ಲ. ವಾದದಲ್ಲಿ ಸೋತುದಕ್ಕಿಂತ ಹೆಚ್ಚಾಗಿ ಅದು ಬಳಗವಿಲ್ಲದೆ ಸೊರಗಿತೆಂದು ನನಗೆ ಅನ್ನಿಸುವುದುಂಟು.

ಬಳಗ ಕೂಡಿದ ಕಡೆ ಅದು ಚಿಗುರಿದ್ದೂ ಉಂಟು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ 1866ರಲ್ಲಿ ರಾಷ್ಟ್ರೀಯ ಸೆಕ್ಯುಲರ್ ಸಂಘವನ್ನು ಸ್ಥಾಪಿಸಿದ. ಪತ್ರಿಕೆ, ಉಪನ್ಯಾಸ, ಊರೂರಿನ ಶಾಖೆ, ಇವೇ ಅದರ ಆಯುಧಗಳು. ಆಂಧ್ರದಲ್ಲಿ ಗೋರಾ ಮತ್ತು ಅವರ ಪತ್ನಿ ಸರಸ್ವತಿಯವರು 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರವನ್ನು ತೆರೆದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಬೆಂಗಳೂರಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಸೈನ್ಸ್ ಫೋರಂ ಪ್ರಾರಂಭಿಸಿ, ಪ್ರಶ್ನೆ ಕೇಳುವ ಅಭ್ಯಾಸವನ್ನು ವಾರವಾರದ ಉಪನ್ಯಾಸಗಳಿಂದ ಬೆಳೆಸಿದರು. ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ವಿಶ್ವವಿದ್ಯಾನಿಲಯದಿಂದಲೇ ಸಮಿತಿಯೊಂದನ್ನು ನೇಮಿಸಿದರು. ಆದರೆ ಇವೆಲ್ಲಕ್ಕೂ ಒಂದು ಸಭಾಂಗಣ ಬೇಕು, ಕುರ್ಚಿ ಬೇಕು, ಅಲ್ಲಿಗೆ ಹೋಗಲು ಸಂಜೆಯ ಬಸ್ಸು ಬೇಕು. ಎಲ್ಲಕ್ಕೂ ಮಿಗಿಲಾಗಿ, ನಾಲ್ಕು ಜನರ ಕಣ್ಣೆದುರು ಆ ಬಾಗಿಲನ್ನು ದಾಟುವ ಎದೆಗಾರಿಕೆ ಬೇಕು. ಕೊಪ್ಪಳದ ಹಳ್ಳಿಯ ಹುಡುಗಿಗೆ ಇವುಗಳಲ್ಲಿ ಯಾವುದಿತ್ತು?

ಈಗ ಬಾಗಿಲೇ ಇಲ್ಲದ ಸಭಾಂಗಣ ಅಂಗೈಗೆ ಬಂದಿದೆ. ಆ ರಾತ್ರಿ ಮಾಳಿಗೆಯ ಮೇಲೆ, ಊರೆಲ್ಲ ಪಟಾಕಿ ಹಾರಿಸುತ್ತಿರುವಾಗ, ನನ್ನ ಅಳಿಯ ತನ್ನ ಮೊಬೈಲನ್ನು ನನ್ನ ಕೈಗಿತ್ತು, "ನೋಡು ಮಾಮಾ, ಇವರು ನಮ್ಮ ಮಂದಿ" ಎಂದ. 'ನಮ್ಮ ಮಂದಿ' ಎಂಬ ಮಾತನ್ನು ಅವನು ಎಂದೂ ನಮ್ಮ ಬಗ್ಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಅಂತರ್ಜಾಲದಲ್ಲಿ ನಾಸ್ತಿಕರು ಕೂಡಿಕೊಂಡದ್ದು ಇಂದು ನಿನ್ನೆಯ ಮಾತಲ್ಲ. 1990ರ ದಶಕದಲ್ಲಿ, ಇನ್ನೂ ಚಿತ್ರಗಳಿಲ್ಲದ ಬರಿಯ ಅಕ್ಷರಗಳ ಜಾಲದಲ್ಲಿಯೇ, ಅವರ ಚರ್ಚಾಕಟ್ಟೆಗಳಿದ್ದುವು. 2004ರಿಂದ 2007ರ ನಡುವೆ ಸ್ಯಾಮ್ ಹ್ಯಾರಿಸ್, ರಿಚರ್ಡ್ ಡಾಕಿನ್ಸ್, ಡೇನಿಯಲ್ ಡೆನೆಟ್, ಕ್ರಿಸ್ಟೋಫರ್ ಹಿಚನ್ಸ್ ಎಂಬ ನಾಲ್ವರ ಪುಸ್ತಕಗಳು ಬಂದು 'ನವನಾಸ್ತಿಕವಾದ' ಎಂಬ ಹೆಸರು ಹುಟ್ಟಿತು. ಆ ಪುಸ್ತಕಗಳನ್ನು ಓದಿದವರು ನನ್ನಂತೆ ಮಾಳಿಗೆಯ ಮೇಲೆ ಒಂಟಿಯಾಗಿ ಉಳಿಯಲಿಲ್ಲ; ಜಾಲದಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ರೆಡ್ಡಿಟ್ ಎಂಬ ತಾಣದಲ್ಲಿ 2008ರಲ್ಲಿ ತೆರೆದ ನಾಸ್ತಿಕರ ಕಟ್ಟೆಯ ಸದಸ್ಯರು ಇಪ್ಪತ್ತು ಲಕ್ಷವನ್ನು ದಾಟಿದರು. 2013ರವರೆಗೆ ಆ ತಾಣಕ್ಕೆ ಹೊಸದಾಗಿ ಸೇರಿದವರ ಕಣ್ಣಿಗೆ ಆ ಕಟ್ಟೆ ತಾನಾಗಿಯೇ ಬೀಳುತ್ತಿತ್ತು.

ಇದರ ಪರಿಣಾಮವನ್ನು ಅಳೆಯಹೊರಟವರೂ ಇದ್ದಾರೆ. ಅಲೆನ್ ಡೌನಿ ಎಂಬ ಅಮೆರಿಕದ ಗಣಕವಿಜ್ಞಾನದ ಪ್ರಾಧ್ಯಾಪಕ 2014ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟ. 1980ರ ದಶಕಕ್ಕೆ ಹೋಲಿಸಿದರೆ 2010ರ ವೇಳೆಗೆ ಆ ದೇಶದಲ್ಲಿ ಧರ್ಮದ ನಂಟು ಕಡಿಮೆಯಾಗಿತ್ತಷ್ಟೆ. ಆ ಇಳಿಕೆಯಲ್ಲಿ ಐದನೆಯ ಒಂದು ಪಾಲಿಗೆ ಅಂತರ್ಜಾಲದ ಬಳಕೆ ಕಾರಣವಾಗಿರಬಹುದು, ಕಾಲೇಜು ಶಿಕ್ಷಣದ ಪಾಲು ಶೇಕಡಾ 5ರಷ್ಟು ಮಾತ್ರ ಎಂದು. ಕಾಲೇಜಿನಲ್ಲಿ ಪಾಠ ಹೇಳುವವನಾಗಿ ಈ ಎರಡನೆಯ ಅಂಕಿಯಿಂದ ನನ್ನ ಅಭಿಮಾನಕ್ಕೆ ತುಸು ಪೆಟ್ಟು ಬಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಎರಡು ಸಂಗತಿಗಳು ಜೊತೆಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದರ ತಾಯಿಯಾಗದು. ಮೊದಲೇ ಸಂಶಯ ಹತ್ತಿದವನು ಜಾಲದಲ್ಲಿ ಹೆಚ್ಚು ಹೊತ್ತು ಹುಡುಕಾಡಿದನೋ, ಹುಡುಕಾಡಿದ್ದರಿಂದ ಸಂಶಯ ಹತ್ತಿತೋ, ಯಾರು ಬಲ್ಲರು?

ನಮ್ಮ ದೇಶದ ಮಾತು ಬೇರೆ. 2011ರ ಜನಗಣತಿಯಲ್ಲಿ 121 ಕೋಟಿ ಜನರ ನಡುವೆ ನಾಸ್ತಿಕರೆಂದು ಬರೆಸಿಕೊಂಡವರು ಸುಮಾರು 33 ಸಾವಿರ. ಅವರನ್ನೆಲ್ಲ ಕೂಡಿಸಿದರೆ ಒಂದು ಸಣ್ಣ ತಾಲ್ಲೂಕಿನ ಪಟ್ಟಣವಾದೀತು. 2021ರಲ್ಲಿ ಪ್ರಕಟವಾದ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಶೇಕಡಾ 97 ಮಂದಿ ಭಾರತೀಯರು ದೇವರನ್ನು ನಂಬುತ್ತೇವೆಂದರು. ಅದೇ ಮೊಬೈಲಿನಲ್ಲಿ ತಿರುಪತಿಯ ದರ್ಶನದ ಚೀಟಿಯೂ ಸಿಗುತ್ತದೆ, ಏಳು ಮಂದಿಗೆ ಕಳುಹಿಸದಿದ್ದರೆ ಕೇಡಾದೀತೆಂಬ ಸಂದೇಶವೂ ಬರುತ್ತದೆ. ಜಾಲ ಯಾವ ಪಕ್ಷದ ವಕೀಲನೂ ಅಲ್ಲ. ಒಂಟಿಯಾದವನಿಗೆ ಜೊತೆಯನ್ನು ತೋರಿಸುವ ದಲ್ಲಾಳಿ. ಭಕ್ತನಿಗೆ ಜೊತೆ ಮೊದಲೇ ಇತ್ತು. ಆದ್ದರಿಂದ ಅದರ ಉಪಕಾರ ನಾಸ್ತಿಕನಿಗೆ ಹೆಚ್ಚಾಗಿ ಕಾಣುತ್ತದೆ.

ಅಳಿಯನ ಗುಂಪಿನಲ್ಲಿ ನಾನು ಒಂದು ಗಂಟೆ ಕಾಲ ಸಂಚರಿಸಿದೆ. ದೇವರಿಲ್ಲವೆಂದು ಸಾಧಿಸುವ ತರ್ಕ ನಾನು ಎಣಿಸಿದಷ್ಟು ಇರಲಿಲ್ಲ. ಹೆಚ್ಚಾಗಿ ಇದ್ದುದು ಅನುಭವಗಳು. ದೇವರನ್ನು ಬಿಟ್ಟ ಮೇಲೂ ದೆವ್ವದ ಹೆದರಿಕೆ ಹೋಗಿಲ್ಲವೆಂದು ನಡುರಾತ್ರಿ ಒಬ್ಬಾಕೆ ಬರೆದಿದ್ದಳು. ನನಗೂ ಹಾಗೆಯೇ ಇತ್ತು, ಎರಡು ವರ್ಷದಲ್ಲಿ ಹೋಯಿತು, ದೀಪ ಹಚ್ಚಿಕೊಂಡೇ ಮಲಗು ಎಂದು ಯಾರೋ ಸಮಾಧಾನ ಹೇಳಿದ್ದರು. ಮುಟ್ಟಿನ ಮೂರು ದಿನ ಅಡಿಗೆಮನೆಗೆ ಹೋದೆ, ಏನೂ ಆಗಲಿಲ್ಲವೆಂದು ಇನ್ನೊಬ್ಬಳು ಹೇಳಿದ್ದಳು. ತರ್ಕ ಮಾಡಲಾರದ ಕೆಲಸವನ್ನು ಈ 'ಏನೂ ಆಗಲಿಲ್ಲ' ಎಂಬ ಮಾತು ಮಾಡುತ್ತದೆ. ಮನುಷ್ಯ ನಂಬಿಕೆಯನ್ನು ಬಿಡಲು ಅಂಜುವುದು ವಾದ ಸಾಲದೆ ಅಲ್ಲ. ಬಿಟ್ಟರೆ ಏನಾದೀತೋ ಎಂದು. ಬಿಟ್ಟು ಬದುಕಿದವರ ನೂರು ಸಾಕ್ಷಿಗಳನ್ನು ಒಂದೇ ರಾತ್ರಿ ಓದಿದ ಹುಡುಗನಿಗೆ ಸಿಡಿಲಿನ ಭಯ ಉಳಿಯುವುದಿಲ್ಲ. ಇದಕ್ಕೆ ಅಲ್ಲಿ ಹೆಸರನ್ನೂ ಕೇಳುವುದಿಲ್ಲ; ಬರೆಯದೆ ಬರಿದೆ ಓದುತ್ತ ಕುಳಿತರೂ ನಡೆಯುತ್ತದೆ.

ಆದರೆ ಅದೇ ಗುಂಪಿನಲ್ಲಿ ಇನ್ನೊಂದು ಬಗೆಯ ಮಾತುಗಳೂ ಇದ್ದುವು. ಯಾರದೋ ಅಜ್ಜಿ ಜಾತ್ರೆಯಲ್ಲಿ ಉರುಳುಸೇವೆ ಮಾಡುತ್ತಿರುವ ಚಿತ್ರವನ್ನು ಹಾಕಿ, ಕೆಳಗೆ ನೂರಾರು ಮಂದಿ ನಕ್ಕಿದ್ದರು. ಆ ಮುದುಕಿ ಯಾವ ಮಗನಿಗಾಗಿ ಉರುಳುತ್ತಿದ್ದಳೋ ಯಾರೂ ಕೇಳಿರಲಿಲ್ಲ. ನನಗೆ ಗಾಂಧೀಜಿಯವರ ಆತ್ಮಕಥೆಯ ಒಂದು ಪ್ರಸಂಗ ನೆನಪಾಯಿತು. 1891ರಲ್ಲಿ ಬ್ರಾಡ್ಲಾ ತೀರಿಕೊಂಡಾಗ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಗಾಂಧೀಜಿ ಶವಸಂಸ್ಕಾರಕ್ಕೆ ಹೋಗಿದ್ದರು. ಹಿಂದಿರುಗುವಾಗ ರೈಲು ನಿಲ್ದಾಣದಲ್ಲಿ ನಾಸ್ತಿಕ ಮಹಾಶಯನೊಬ್ಬ ಬಡಪಾಯಿ ಪಾದ್ರಿಯೊಬ್ಬನನ್ನು ಹಿಡಿದುಕೊಂಡು, ಭೂಮಿಯ ಸುತ್ತಳತೆ ಇಷ್ಟು ಮೈಲಿ ಎಂದು ಒಪ್ಪಿಸಿ, ಹಾಗಾದರೆ ನಿಮ್ಮ ದೇವರ ಗಾತ್ರವೆಷ್ಟು, ಅವನಿರುವುದೆಲ್ಲಿ ಎಂದು ಕೇಳಿದನಂತೆ. ಅರಿತರೆ ನಮ್ಮಿಬ್ಬರ ಹೃದಯದಲ್ಲಿಯೂ ಇದ್ದಾನೆಂದ ಪಾದ್ರಿ. ಪ್ರಶ್ನೆ ಕೇಳಿದವನು ಗೆದ್ದವನಂತೆ ಸುತ್ತಲೂ ನೋಡಿದ, ಪಾದ್ರಿ ಸುಮ್ಮನಾದ. ಆ ಮಾತುಕತೆಯಿಂದ ನಾಸ್ತಿಕತೆಯ ಬಗೆಗೆ ತಮಗಿದ್ದ ಅರುಚಿ ಇನ್ನಷ್ಟು ಹೆಚ್ಚಿತೆಂದು ಗಾಂಧೀಜಿ ಬರೆಯುತ್ತಾರೆ. ಬ್ರಾಡ್ಲಾನ ಪ್ರಾಮಾಣಿಕತೆ ಅವರನ್ನು ಶ್ಮಶಾನದವರೆಗೆ ಕರೆತಂದಿತ್ತು. ಅವನ ಅನುಯಾಯಿಯ ನಾಲಗೆ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಿತು. ಆ ರೈಲು ನಿಲ್ದಾಣದ ಮಹಾಶಯನ ಸಂತತಿ ಇಂದು ಜಾಲದಲ್ಲಿ ಹುಲುಸಾಗಿ ಬೆಳೆದಿದೆ.

ಮಠವನ್ನು ಬಿಟ್ಟು ಬಂದವರು ಇನ್ನೊಂದು ಮಠವನ್ನು ಕಟ್ಟಿಕೊಳ್ಳುವುದೂ ಕಾಣುತ್ತದೆ. ಅಲ್ಲಿಯೂ ಗುರುಗಳುಂಟು, ಪರಿಭಾಷೆಯುಂಟು, ಬಹಿಷ್ಕಾರವುಂಟು. 2011ರಲ್ಲಿ ಡಬ್ಲಿನ್ ನಗರದ ನಾಸ್ತಿಕ ಸಮ್ಮೇಳನಕ್ಕೆ ಹೋಗಿದ್ದ ಅಮೆರಿಕದ ಲೇಖಕಿಯೊಬ್ಬಳು, ನಸುಕಿನ ನಾಲ್ಕು ಗಂಟೆಗೆ ಹೋಟೆಲಿನ ಲಿಫ್ಟಿನಲ್ಲಿ ಅಪರಿಚಿತನೊಬ್ಬ ತನ್ನನ್ನು ಕೋಣೆಗೆ ಕರೆದನೆಂದೂ, ಗಂಡಸರು ಹೀಗೆ ಮಾಡಬಾರದೆಂದೂ ಜಾಲದಲ್ಲಿ ಹೇಳಿದಳು. ಅಷ್ಟಕ್ಕೇ ಅವಳ ಮೇಲೆ ಬೈಗುಳದ ಮಳೆ ಸುರಿಯಿತು. ಡಾಕಿನ್ಸರಂತಹ ಹಿರಿಯರೇ ಅವಳನ್ನು ಹಂಗಿಸಿದರು. ಬಳಗ ಒಡೆದು ಹೋಳಾಯಿತು. ದೇವರಿಲ್ಲವೆಂದು ಒಪ್ಪಿದವರೆಲ್ಲ ಹೆಣ್ಣಿಗೆ ಗೌರವ ಉಂಟೆಂದು ಒಪ್ಪಿರಲಿಲ್ಲ.

ಹಾಗೆಂದು ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಇದಕ್ಕೆ ರಕ್ತದ ಬೆಲೆ ತೆತ್ತವರಿದ್ದಾರೆ. ಬಾಂಗ್ಲಾ ಭಾಷೆಯ 'ಮುಕ್ತೋಮನ' ಎಂಬ ತಾಣವನ್ನು 2001ರಲ್ಲಿ ಪ್ರಾರಂಭಿಸಿದ ಅಭಿಜಿತ್ ರಾಯ್ ಅಮೆರಿಕದಲ್ಲಿ ನೆಲೆಸಿದ್ದ ಇಂಜಿನಿಯರ್. 2015ರ ಫೆಬ್ರುವರಿ 26ರ ಸಂಜೆ ಢಾಕಾದ ಪುಸ್ತಕಮೇಳದಿಂದ ಹೊರಬರುವಾಗ ಅವನನ್ನು ಕೊಚ್ಚಿ ಕೊಂದರು. ಜೊತೆಗಿದ್ದ ಹೆಂಡತಿ ತೀವ್ರವಾಗಿ ಗಾಯಗೊಂಡು ಬದುಕಿದಳು. ನಮಗೆ ಇನ್ನೂ ಸಮೀಪದ ಕೊಯಮತ್ತೂರಿನಲ್ಲಿ, 2017ರ ಮಾರ್ಚಿಯಲ್ಲಿ, ವಾಟ್ಸಾಪಿನಲ್ಲಿ ನಾಸ್ತಿಕರ ಗುಂಪನ್ನು ನಡೆಸುತ್ತಿದ್ದ ತರುಣನೊಬ್ಬನ ಕೊಲೆಯಾಯಿತು. ಹೆಸರು ಮುಚ್ಚಿಕೊಂಡು ಬರೆಯುವವರನ್ನು ಹೇಡಿಗಳೆಂದು ಸುಲಭವಾಗಿ ಅನ್ನುವವರು ಇದನ್ನು ನೆನೆಯಬೇಕು.

ಹೆಸರು ಮುಚ್ಚಿಕೊಳ್ಳುವ ಮಾತು ಬಂದಾಗ ನನ್ನ ಬಾಲ್ಯದ ಗೆಳೆಯನೊಬ್ಬನ ಕತೆಯನ್ನು ಹೇಳಬೇಕು. ಗುರುತು ಸಿಗದಂತೆ ಊರಿನ ಹೆಸರನ್ನು ಬಿಟ್ಟಿದ್ದೇನೆ. ಅವನು ತಂದೆಯ ತರುವಾಯ ಹನುಮಪ್ಪನ ಗುಡಿಯ ಪೂಜೆಯನ್ನು ವಹಿಸಿಕೊಂಡವನು. ಎರಡು ವರ್ಷಗಳ ಹಿಂದೆ ಹೊಳೆಯ ದಂಡೆಯಲ್ಲಿ ಕುಳಿತಿದ್ದಾಗ, ತನಗೆ ಬಹುಕಾಲದಿಂದ ದೇವರಲ್ಲಿ ನಂಬಿಕೆಯಿಲ್ಲವೆಂದು ಹೇಳಿದ. ಹೆಂಡತಿಗೂ ಗೊತ್ತಿಲ್ಲ. ಬಲ್ಲವರು ಜಾಲದಲ್ಲಿರುವ ನಾಲ್ಕಾರು ಮಂದಿ. ಅಲ್ಲಿ ಅವನ ಹೆಸರು ಬೇರೆ.

ಆಗ ನಾನು ಅವನಿಗೆ ಅಮೆರಿಕದ ಪಾದ್ರಿಗಳ ವಿಷಯವನ್ನು ತಿಳಿಸಿದೆ. ಡೇನಿಯಲ್ ಡೆನೆಟ್ ಮತ್ತು ಲಿಂಡಾ ಲಸ್ಕೋಲಾ ಎಂಬವರು 2010ರಲ್ಲಿ, ನಂಬಿಕೆಯನ್ನು ಕಳೆದುಕೊಂಡೂ ಬೋಧನೆಯನ್ನು ಮುಂದುವರಿಸಿದ್ದ ಐವರು ಪಾದ್ರಿಗಳನ್ನು ಕಂಡು ಬರೆದರು. ಮರುವರ್ಷ, 2011ರ ಮಾರ್ಚಿಯಲ್ಲಿ, ಅಂತಹವರಿಗಾಗಿಯೇ 'ಕ್ಲರ್ಜಿ ಪ್ರಾಜೆಕ್ಟ್' ಎಂಬ ಗುಟ್ಟಿನ ಬಳಗವೊಂದು ಜಾಲದಲ್ಲಿ ಪ್ರಾರಂಭವಾಯಿತು. ಮೊದಲು 52 ಮಂದಿ. ಈಗ ಸಾವಿರ ಮೀರಿದ್ದಾರೆ. ಅವರ ಮುಖ್ಯ ಚಿಂತೆ ದೇವರದಲ್ಲ. ಬೇರೆ ಕೆಲಸ ಗೊತ್ತಿಲ್ಲದ ನಡುವಯಸ್ಸಿನವನು ಹೊಟ್ಟೆಪಾಡಿಗೆ ಏನು ಮಾಡಬೇಕು, ಮನೆಯವರಿಗೆ ಹೇಗೆ ಹೇಳಬೇಕು ಎಂಬುದು.

ಗೆಳೆಯ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದ. ಬಳಿಕ ಹೇಳಿದ: "ಒಬ್ಬಾಕಿ ಮುದುಕಿ ದಿನಾ ಬರ್ತಾಳ. ಮಗ ಹಾಸಿಗಿ ಹಿಡದಾನ. ಅವಗ ಆರಾಮ ಆಕ್ಕತೇನು ಯಪ್ಪಾ ಅಂತಾಳ. ಆಕ್ಕತಿ ಅನ್ನಲಿಲ್ಲಂದ್ರ ರಾತ್ರಿ ಆಕಿಗೆ ನಿದ್ದಿಲ್ಲ. ಅಂದ್ರ ನನಗಿಲ್ಲ."

"ಏನಂತಿ ಮತ್ತ?"

"ದವಾಖಾನಿಗೆ ಕರಕೊಂಡು ಹೋಗು, ಹನುಮಪ್ಪ ಅಲ್ಲೇ ಅದಾನ ಅಂತೀನಿ."

ಇದು ಸುಳ್ಳೋ ನಿಜವೋ ನನಗೆ ಇಂದಿಗೂ ತಿಳಿಯದು. ಜಾಲದ ಅವನ ಗೆಳೆಯರಲ್ಲಿ ಒಬ್ಬರು ಇದನ್ನು ಮೋಸವೆಂದು ಬೈದರಂತೆ. ಇನ್ನೊಬ್ಬರು, ಹಾಗಾದರೂ ದವಾಖಾನೆಗೆ ಹೋದಳಲ್ಲ ಎಂದರಂತೆ. ಮಗನನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದಾರೆಂದು ಮುಂದೊಂದು ದಿನ ಗೆಳೆಯ ನನಗೆ ತಿಳಿಸಿದ.

ದವಾಖಾನೆಯ ಮಾತಿನಿಂದ ನಾನು ಮನೆಗೇ ಮರಳಬೇಕಾಗಿದೆ. ನಮ್ಮ ದೇವರ ಜಗಲಿಯ ಪಕ್ಕದ ಗೋಡೆಯಲ್ಲಿ ಎರಡು ಜಡೆಯ ಹುಡುಗಿಯ ಚಿತ್ರವೊಂದಿದೆ. ಅವಳು ನನ್ನ ತಂಗಿ. 1996ರ ಮಳೆಗಾಲದಲ್ಲಿ, ನಾವಿನ್ನೂ ಹಳ್ಳಿಯಲ್ಲಿದ್ದಾಗ, ಅವಳಿಗೆ ಜ್ವರ ಬಂತು. ಐದು ವರ್ಷದ ಕೂಸು. ತಾಯಿತ ಕಟ್ಟಿಸಿದರು, ಹರಕೆ ಹೊತ್ತರು, ಅಂಗಾರ ಹಚ್ಚಿದರು. ನಾಲ್ಕನೆಯ ದಿನ ಎತ್ತಿನ ಗಾಡಿಯಲ್ಲಿ ಪಟ್ಟಣಕ್ಕೆ ಒಯ್ದಾಗ, ಹೊತ್ತು ಮೀರಿತ್ತೆಂದರು. ಅಂದು ನನಗೆ ಎಂಟು ವರ್ಷ. ಹರಕೆ ಹೊತ್ತ ದೇವರು ಏನು ಮಾಡುತ್ತಿದ್ದನೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಅವ್ವನನ್ನೇ ಕೇಳಿದಂತಾಗುತ್ತಿತ್ತು. ಆದ್ದರಿಂದಲೇ ಈ ಮನೆಯಲ್ಲಿ ನಾಸ್ತಿಕತೆ ವಾದದ ವಿಷಯವಲ್ಲ. ದೇವರಿಲ್ಲವೆಂದು ಅವ್ವನೆದುರು ಅನ್ನುವುದೆಂದರೆ, ನೀನು ಆ ನಾಲ್ಕು ದಿನಗಳನ್ನು ಸುಮ್ಮನೆ ಕಳೆದೆ ಅಂದಂತೆ. ನಾನು ಕೈಮುಗಿಯುತ್ತ ಬಂದದ್ದು ಇದಕ್ಕಾಗಿ. ಕರುಣೆಯಿಂದ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ; ಅದರಲ್ಲಿ ಅಂಜಿಕೆಯ ಪಾಲೆಷ್ಟೆಂದು ಅಳೆದಿರಲಿಲ್ಲ.

ಹಬ್ಬದ ರಾತ್ರಿ ನಾವು ಮಾಳಿಗೆಯಿಂದ ಇಳಿದಾಗ ಅವ್ವ ಪಡಸಾಲೆಯಲ್ಲಿ ಎಚ್ಚರವಾಗಿದ್ದಳು. ಮೊಮ್ಮಗನನ್ನು ಹತ್ತಿರ ಕುಳ್ಳಿರಿಸಿಕೊಂಡು ಕೇಳಿದಳು: "ಆ ಫೋನಿನಾಗಿನ ಮಂದಿ, ನಿನಗ ಜ್ವರಾ ಬಂದ್ರ ಗಂಜಿ ಕಾಸಿ ಕೊಡ್ತಾರೇನು?"

ಹುಡುಗ ಯೋಚಿಸಿದ. ಸುಳ್ಳು ಹೇಳಲಿಲ್ಲ. "ಇಲ್ಲ ಆಯಿ. ಗಂಜಿ ನೀನೇ ಕಾಸಬೇಕು. ಆದ್ರ ತಾಯಿತಾ ಕಟಗೋಬ್ಯಾಡ, ಲಗೂನ ಡಾಕ್ಟರ ಕಡೆ ಹೋಗು ಅಂತಾರ."

ಅವನಿಗೆ ತನ್ನ ಸಣ್ಣ ಚಿಕ್ಕವ್ವನ ಸಾವು ಮಾತ್ರ ಗೊತ್ತು. ನಾಲ್ಕು ದಿನಗಳ ಕತೆ ಗೊತ್ತಿಲ್ಲ. ನನ್ನ ಎದೆ ಧಸಕ್ಕೆಂದಿತು. ಅವ್ವ ಗೋಡೆಯ ಚಿತ್ರದ ಕಡೆಗೆ ನೋಡಿದಳು. ಬಹಳ ಹೊತ್ತಿನ ಮೇಲೆ, "ನಮಗ ಯಾರೂ ಹಂಗ ಹೇಳಲಿಲ್ಲಪಾ" ಎಂದಳು. ಅಳಲಿಲ್ಲ. ಎದ್ದು ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದು ಮಲಗಿದಳು.

ನಾನು ಮೂವತ್ತು ವರ್ಷ ಯಾವ ಮಾತಿನಿಂದ ಆಕೆಯನ್ನು ಕಾಪಾಡುತ್ತಿದ್ದೆನೆಂದು ತಿಳಿದಿದ್ದೆನೋ, ಆ ಮಾತು ಆಕೆಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಆಕೆ ಯಾರೊಡನೆ ಆಡಬೇಕಾಗಿತ್ತು? ಆಕೆಗೂ ಬಳಗವಿರಲಿಲ್ಲ. ಮನೆಯಲ್ಲಿದ್ದ ಮಗ ಎದುರಿಗೆ ನಿಂತು ಕೈಮುಗಿಯುತ್ತಿದ್ದ.

ಮರುದಿನ ಮುಂಜಾನೆ ಎಂಟು ಗಂಟೆಗೆ, ಪೂಜೆಗೆ ಇನ್ನೂ ಹೂವು ಕೂಡ ಬಂದಿರಲಿಲ್ಲ, ಅವ್ವ ಒಗ್ಗರಣೆಯ ಅವಲಕ್ಕಿಯ ತಾಟನ್ನು ತಂದು ಮೊಮ್ಮಗನ ಮುಂದೆ ಇಟ್ಟಳು. ಅಕ್ಕ ಬೆರಗಾಗಿ, "ಪೂಜಾ ಆಗಿಲ್ಲಲ್ಲವಾ!" ಎಂದಳು.

"ನಾಸ್ತಿಕ ಅಂದಾನಲ್ಲ, ಅಂವಗ್ಯಾಕ ಉಪವಾಸ?" ಎಂದಳು ಅವ್ವ. ನಾಸ್ತಿಕ ಎಂಬ ಶಬ್ದವನ್ನು ಒಂದಕ್ಷರವೂ ತಪ್ಪದೆ ಉಚ್ಚರಿಸಿದಳು. ಹಿಂದಿನ ದಿನ ಆಕೆಯ ಕಿವಿ ಮಂದವಾಗಿರಲಿಲ್ಲವೆಂದು ನಮಗೆಲ್ಲ ಆಗ ಹೊಳೆಯಿತು.

ಬಳಿಕ ನನ್ನ ಕಡೆಗೆ ತಿರುಗಿದಳು. ಕೈಯಲ್ಲಿ ಇನ್ನೊಂದು ತಾಟಿತ್ತು.

"ನಿನಗ? ಈಗ ಹಾಕಲ್ಯಾ, ಪೂಜಾ ಆದಮ್ಯಾಲೆ ತಿಂತಿಯಾ?"

ಅಕ್ಕ ನನ್ನ ಮುಖವನ್ನು ನೋಡುತ್ತಿದ್ದಳು. ಹುಡುಗನೂ ತಲೆ ಎತ್ತಿದ. ನಾಲಗೆಗೆ ಬಂದ ವಾಕ್ಯಗಳು ಒಂದೊಂದಾಗಿ ಹಿಂದೆ ಸರಿದುವು. ಕೊನೆಗೆ ನಾನು ಚಾಪೆಯನ್ನು ಎಳೆದುಕೊಂಡು ಅಳಿಯನ ಪಕ್ಕದಲ್ಲಿ ಕುಳಿತೆ. ಅವ್ವ ನನಗೂ ಅವಲಕ್ಕಿ ಬಡಿಸಿ, ಮೇಲೆ ತುಸು ಮೊಸರು ಹಾಕಿ, ಹೂವು ಬಂತೇನೆಂದು ನೋಡಲು ಬಾಗಿಲಿಗೆ ಹೋದಳು.